ಫಲಿತಾಂಶದ ಪಟ್ಟಿಗೆ ಮೊದಲು ದಾಖಲಾತಿ ಪುಸ್ತಕ ತೆರೆಯಿರಿ

ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಗಳ ಹಳೆಯ ವಿದ್ಯಾರ್ಥಿ ಸಂಘಗಳಿಗೆ ಒಂದು ಬಹಿರಂಗ ಪತ್ರ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಏನು ನಡೆಯುತ್ತದೆ ಎಂಬುದು ಗುಟ್ಟೇನಲ್ಲ. ಯಾರೋ ಒಬ್ಬರು ಹಳೆಯ ಶಾಲೆಯ ಶೇಕಡಾವಾರು ಹಾಕುತ್ತಾರೆ. ಇನ್ನೊಬ್ಬರು ಅಳುವ ಮುಖದ ಚಿತ್ರ ಕಳಿಸುತ್ತಾರೆ. ‘ನಮ್ಮ ಕಾಲದ ಮೇಷ್ಟ್ರುಗಳೇ ಬೇರೆ ಬಿಡಿ’ ಎಂದು ಮೂರನೆಯವರು ಬರೆಯುತ್ತಾರೆ. ರಾತ್ರಿ ಊಟದ ಹೊತ್ತಿಗೆ ತೀರ್ಪು ಸಿದ್ಧ: ಶಾಲೆ ಹಾಳಾಯಿತು, ಈಗಿನವರಿಗೆ ಪಾಠ ಮಾಡಲು ಬರುವುದಿಲ್ಲ, ಮಕ್ಕಳಿಗೂ ಓದು ಬೇಕಿಲ್ಲ.

ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವುದಕ್ಕಾಗಿಯೇ ಈ ಪತ್ರ.

ನಿಮ್ಮ ಕಾಳಜಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಕಾಂಪೌಂಡಿಗೆ ಬಣ್ಣ, ಕುಡಿಯುವ ನೀರಿನ ಆರ್‌ಒ ಯಂತ್ರ, ಮುರಿದ ಬೆಂಚಿನ ಜಾಗಕ್ಕೆ ಹೊಸ ಬೆಂಚು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು: ಇಲಾಖೆಯ ಅನುದಾನಕ್ಕೆ ಕಾದಿದ್ದರೆ ಇವುಗಳಲ್ಲಿ ಅರ್ಧ ಇವತ್ತಿಗೂ ಕಡತದಲ್ಲೇ ಇರುತ್ತಿತ್ತು. ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಎಂಬ ಹೆಸರಿನಲ್ಲಿ ಸರ್ಕಾರವೇ ಈಗ ಹಳೆಯ ವಿದ್ಯಾರ್ಥಿಗಳನ್ನು ಕೈಜೋಡಿಸಿ ಎಂದು ಕರೆಯುತ್ತಿದೆ. ಹೀಗೆ ದುಡ್ಡು, ಸಮಯ, ಮನಸ್ಸು ಮೂರೂ ಇರುವ ಜನ ತಪ್ಪು ಲೆಕ್ಕ ಹಿಡಿದು ಹೊರಟರೆ ನಷ್ಟ ದೊಡ್ಡದು. ನೀವು ಹಿಡಿದಿರುವ ಲೆಕ್ಕ ತಪ್ಪು ಎಂಬುದೇ ಇಲ್ಲಿನ ವಾದ.

ಮೊದಲು ಅಂಕಿ ಅಂಶ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಫಲಿತಾಂಶ ಶೇ 62.7. ಅನುದಾನರಹಿತ ಖಾಸಗಿ ಶಾಲೆಗಳದು ಶೇ 75.59. ಗುಂಪುಗಳಲ್ಲಿ ಓಡಾಡಿದ್ದು ಈ ಎರಡು ಸಂಖ್ಯೆಗಳು ಮಾತ್ರ. ಮೂರನೆಯದನ್ನು ಯಾರೂ ಕಳಿಸಿದಂತಿಲ್ಲ: ಅನುದಾನಿತ ಶಾಲೆಗಳ ಫಲಿತಾಂಶ ಶೇ 58.97. ಖಾಸಗಿ ಆಡಳಿತ ಮಂಡಳಿ ಇದ್ದರೆ ಶಿಸ್ತು, ಶಿಸ್ತಿದ್ದರೆ ಫಲಿತಾಂಶ ಎಂಬ ಸರಳ ನಂಬಿಕೆಗೆ ಈ ಮೂರನೆಯ ಸಂಖ್ಯೆ ಒಗ್ಗುವುದಿಲ್ಲ. ಇನ್ನು ಜಿಲ್ಲೆಗಳನ್ನು ನೋಡಿ. ಅದೇ ವರ್ಷ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಮೇಷ್ಟ್ರುಗಳು ಓದಿ ಬಂದ ಬಿ.ಇಡಿ. ಕೂಡ ಹೆಚ್ಚುಕಡಿಮೆ ಒಂದೇ. ಅಂತರ ಮಾತ್ರ ಸುಮಾರು 49 ಅಂಶ.

ಶೇಕಡಾವಾರು ಎಂಬುದು ಎಷ್ಟು ಚಂಚಲ ಎನ್ನಲು ಚಿತ್ರದುರ್ಗಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2023ರಲ್ಲಿ ಆ ಜಿಲ್ಲೆ ಶೇ 96.8 ತೆಗೆದು ರಾಜ್ಯಕ್ಕೇ ಮೊದಲು. ಉಡುಪಿ 18ನೇ ಸ್ಥಾನ, ದಕ್ಷಿಣ ಕನ್ನಡ 19. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಚಿತ್ರದುರ್ಗ 21ನೇ ಸ್ಥಾನಕ್ಕೆ ಇಳಿಯಿತು. ಉಡುಪಿ, ದಕ್ಷಿಣ ಕನ್ನಡ ಮೊದಲೆರಡು ಸ್ಥಾನಕ್ಕೆ ಮರಳಿದವು. ಒಂದು ವರ್ಷದಲ್ಲಿ ಒಂದು ಜಿಲ್ಲೆಯ ಮೇಷ್ಟ್ರುಗಳೆಲ್ಲ ಪಾಠ ಮರೆತರು ಎಂದು ಯಾರೂ ಹೇಳಲಾರರು. 2024ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ 73.4. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸದೇ ಹೋಗಿದ್ದರೆ ಅದು ಶೇ 55ನ್ನೂ ಮುಟ್ಟುತ್ತಿರಲಿಲ್ಲ. ಈಗ 2025-26ರಿಂದ ಪಾಸಿನ ಗೆರೆಯನ್ನೇ ಶೇ 35ರಿಂದ 33ಕ್ಕೆ ಇಳಿಸುವ ತೀರ್ಮಾನವಾಗಿದೆ. ಗೆರೆ ಸರಿದಂತೆ ಶೇಕಡಾವಾರು ಸರಿಯುತ್ತದೆ. ತರಗತಿಯೊಳಗೆ ಏನೂ ಬದಲಾಗದೆ ಶಾಲೆ ‘ಸುಧಾರಿಸುತ್ತದೆ’. ಇನ್ನೊಂದು ಮಾತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರ ನಂತರದ ಪರೀಕ್ಷೆಯಲ್ಲಿ ಪಾಸಾದ ಮಕ್ಕಳು ನೀವು ಹಂಚಿಕೊಳ್ಳುವ ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಫಲಿತಾಂಶವೆಲ್ಲ ಮೇಷ್ಟ್ರ ಕೈಗುಣ ಎನ್ನುವವರು ಉತ್ತರಿಸಬೇಕಾದ ಪ್ರಶ್ನೆ ಇದು. 2024ರಲ್ಲಿ ಹುಡುಗಿಯರ ಫಲಿತಾಂಶ ಶೇ 81.11, ಹುಡುಗರದು ಶೇ 65.9. ಹೆಚ್ಚಿನ ಶಾಲೆಗಳಲ್ಲಿ ಇಬ್ಬರೂ ಕೂರುವುದು ಒಂದೇ ಕೋಣೆಯಲ್ಲಿ. ಗಣಿತದ ಮೇಷ್ಟ್ರು ಒಬ್ಬರೇ, ಬೋರ್ಡು ಒಂದೇ, ಜನವರಿಯಲ್ಲಿ ಕೈಗಿಡುವ ‘ಪಾಸಿಂಗ್ ಪ್ಯಾಕೇಜ್’ ಜೆರಾಕ್ಸ್ ಹಾಳೆಯೂ ಒಂದೇ. ಆದರೂ ಹದಿನೈದು ಅಂಶಗಳ ಅಂತರ. ಆ ಅಂತರ ಹುಟ್ಟುವುದು ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ. ಮದುವೆ ಸೀಸನ್ನಿನಲ್ಲಿ ಹುಡುಗ ಕ್ಯಾಟರಿಂಗ್‌ನವರ ಜೊತೆ ಬಡಿಸಲು ಹೋಗುತ್ತಾನೆ, ರಾತ್ರಿ ಹನ್ನೆರಡಕ್ಕೆ ಮನೆ ಸೇರಿ ಬೆಳಿಗ್ಗೆ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಾನೆ. ಕೈಗೆ ಬರುವ ದುಡ್ಡು ಅವನ ಮನೆಗೆ ಸಣ್ಣದಲ್ಲ. ಹುಡುಗಿಯ ಕೆಲಸ ಮನೆಯೊಳಗಿನದು, ಅದಕ್ಕೆ ಕೂಲಿಯಿಲ್ಲ. ಫೇಲಾದರೆ ಮದುವೆ ಎಂಬ ಹೆದರಿಕೆ ಬೇರೆ ತಲೆಯ ಮೇಲೆ ತೂಗುತ್ತಿರುತ್ತದೆ. ಅವಳು ಓದುತ್ತಾಳೆ.

ಈಗ ನಿಮ್ಮ ಕಾಲಕ್ಕೆ ಬರೋಣ.

ಪ್ರತಿ ಶಾಲೆಯಲ್ಲೂ ದಾಖಲಾತಿ ಪುಸ್ತಕ, ಅಂದರೆ ಅಡ್ಮಿಷನ್ ರಿಜಿಸ್ಟರ್, ಇರುತ್ತದೆ. ಅದು ಹೆಡ್‌ಮೇಷ್ಟ್ರ ಬೀರುವಿನಲ್ಲಿ ಬೀಗದೊಳಗಿರುವ ಉದ್ದನೆಯ ದಪ್ಪ ಪುಸ್ತಕ. ಟಿ.ಸಿ. ಬೇಕಾದಾಗ, ಹುಟ್ಟಿದ ತಾರೀಖಿನ ತಕರಾರು ಎದ್ದಾಗ ಬಿಟ್ಟರೆ ಅದನ್ನು ತೆರೆಯುವವರಿಲ್ಲ. ಒಂದೊಂದು ಹೆಸರಿನ ಎದುರಿಗೂ ಮಾತೃಭಾಷೆ, ಜಾತಿ, ತಂದೆಯ ಉದ್ಯೋಗ, ಹುಟ್ಟಿದ ಊರು, ಹಿಂದೆ ಓದಿದ ಶಾಲೆ ಎಂಬ ಕಲಂಗಳಿರುತ್ತವೆ. ಚಾಮರಾಜಪೇಟೆ, ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳ ಸರ್ಕಾರಿ ಶಾಲೆಯ 1960ರ ದಶಕದ ಪುಟಗಳಲ್ಲಿ ಕಾಣುವವರು ಯಾರು? ಸರ್ಕಾರಿ ಕಚೇರಿಯ ಗುಮಾಸ್ತರು, ಪೋಸ್ಟ್‌ಮನ್‌ಗಳು, ಬಿನ್ನಿ ಮಿಲ್ಲಿನ ನೌಕರರು, ಅವೆನ್ಯೂ ರಸ್ತೆಯ ಅಂಗಡಿಯವರು, ದರ್ಜಿಗಳು, ಸ್ವತಃ ಶಾಲಾ ಮೇಷ್ಟ್ರುಗಳು. ಸಿರಿವಂತರಲ್ಲ, ನಿಜ. ಆದರೆ ಒಂದು ಸಂಬಳ, ಒಂದು ವಿಳಾಸ, ಮನೆಯಲ್ಲಿ ಓದು ಬರುವ ಒಬ್ಬರಾದರೂ ಹಿರಿಯರು ಇದ್ದವರು. ಖಾಸಗಿ ಶಾಲೆಗಳು ಆಗ ಈಗಿನಷ್ಟು ಇರಲಿಲ್ಲ. ಬಡಾವಣೆಯ ಡಾಕ್ಟರ ಮಗನೂ ಅಗಸರ ಮಗನೂ ಒಂದೇ ಬೆಂಚಿನಲ್ಲಿ ಕೂತ ಕಥೆಯನ್ನು ನೀವೇ ಎಷ್ಟೋ ಸಲ ವಾರ್ಷಿಕೋತ್ಸವದಲ್ಲಿ ಹೇಳಿದ್ದೀರಿ.

ಆದರೆ ಆ ಬೆಂಚಿನವರೆಗೆ ಬಾರದವರ ಕಥೆ ವಾರ್ಷಿಕೋತ್ಸವದಲ್ಲಿ ಬರುವುದಿಲ್ಲ. ಆಗ ಏಳನೇ ತರಗತಿಗೇ ಪಬ್ಲಿಕ್ ಪರೀಕ್ಷೆ ಇತ್ತು. ಅದರಲ್ಲಿ ನಪಾಸಾದವರು ಗ್ಯಾರೇಜಿಗೋ ಊದುಬತ್ತಿ ಹೊಸೆಯಲಿಕ್ಕೋ ಹೋದರು. ಕೊಳೆಗೇರಿಯ ಮಕ್ಕಳಲ್ಲಿ ಎಷ್ಟೋ ಜನ ಅಲ್ಲಿಯವರೆಗೂ ಬರಲಿಲ್ಲ. ಹೈಸ್ಕೂಲಿನ ಮೆಟ್ಟಿಲು ಹತ್ತಿದವರು ಜರಡಿ ಹಿಡಿದು ಉಳಿದವರು. ಆ ಜರಡಿ ಹಿಡಿದ ಕೈ ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೆ. ಹತ್ತನೇ ತರಗತಿಯಲ್ಲಿ ಕೂತ ಆ ಸಣ್ಣ ಗುಂಪಿನ ಫಲಿತಾಂಶವನ್ನು ಇವತ್ತಿನ ಫಲಿತಾಂಶದ ಪಕ್ಕ ಇಟ್ಟು ನೋಡುವುದು ನ್ಯಾಯವಲ್ಲ. ನಿಮ್ಮ ಮೇಷ್ಟ್ರುಗಳು ಒಳ್ಳೆಯವರಾಗಿದ್ದರು. ಅವರ ಪಾಲಿಗೆ ಬಂದ ಮಕ್ಕಳೂ ಅನುಕೂಲದ ಮಕ್ಕಳಾಗಿದ್ದರು.

ಅದೇ ಪುಸ್ತಕದ ಇತ್ತೀಚಿನ ಸಂಪುಟ ತೆರೆದರೆ ನಗರದ ಇನ್ನೊಂದು ಚರಿತ್ರೆ ಸಿಗುತ್ತದೆ. ಹುಟ್ಟಿದ ಊರಿನ ಕಲಂನಲ್ಲಿ ಸುರಪುರ, ಶಹಾಪುರ, ದೇವದುರ್ಗ, ಮಾನ್ವಿ. ಕೆಲವು ಕಡೆ ಕದಿರಿ, ಧರ್ಮಪುರಿ. ಈಚೆಗೆ ಬಿಹಾರದ, ನೇಪಾಳದ ಊರುಗಳೂ ಸೇರಿಕೊಂಡಿವೆ. ತಂದೆಯ ಉದ್ಯೋಗ: ಗಾರೆ ಕೆಲಸ, ಸೆಕ್ಯೂರಿಟಿ, ಪೌರಕಾರ್ಮಿಕ, ಆಟೊ, ಕೂಲಿ. ತಾಯಿಯ ಉದ್ಯೋಗ ಬರೆಯುವ ಕಡೆ ‘ಗೃಹಿಣಿ’ ಎಂದಿರುತ್ತದೆ, ಆದರೆ ಆಕೆ ನಾಲ್ಕು ಮನೆಯ ಪಾತ್ರೆ ತೊಳೆದು ಬಂದವಳು. ಮಾತೃಭಾಷೆ: ಉರ್ದು, ತೆಲುಗು, ತಮಿಳು, ಲಂಬಾಣಿ, ಹಿಂದಿ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಹೀಗಿದ್ದೂ ಈ ನಗರದಲ್ಲಿ ಕನ್ನಡ ಮಾಧ್ಯಮವನ್ನು ಹೆಗಲ ಮೇಲೆ ಹೊತ್ತು ನಿಂತಿರುವವರಲ್ಲಿ ಈ ಮಕ್ಕಳೇ ಹೆಚ್ಚು. ಕನ್ನಡ ಮನೆಮಾತಿನ, ಅನುಕೂಲಸ್ಥ ಮನೆಗಳ ಮಕ್ಕಳು ಎಂದೋ ಇಂಗ್ಲಿಷ್ ಮಾಧ್ಯಮದ ಬಸ್ಸು ಹತ್ತಿ ಹೋದರು. 125 ಅಂಕದ ಪ್ರಥಮ ಭಾಷೆ ಕನ್ನಡವನ್ನು ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು ಆಡುವ ಹುಡುಗ ಬರೆಯುತ್ತಾನೆ. ಅವನು ನಪಾಸಾದರೆ ‘ಕನ್ನಡದಲ್ಲೇ ಫೇಲ್’ ಎಂದು ಪತ್ರಿಕೆಗಳು ನಗುತ್ತವೆ.

ಯಾದಗಿರಿ ಕಡೆಯಿಂದ ಗುಳೆ ಬಂದ ಕುಟುಂಬದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ದಿನ ಹೇಗಿರುತ್ತದೆ ಎಂದು ಶಾಲೆಯ ಯಾವ ಟೀಚರನ್ನು ಕೇಳಿದರೂ ಹೇಳುತ್ತಾರೆ. ಕಟ್ಟುತ್ತಿರುವ ಕಟ್ಟಡದ ನೆಲಮಹಡಿಯಲ್ಲಿ ತಗಡಿನ ಶೆಡ್ಡು, ಅದೇ ಮನೆ. ಅಪ್ಪ ಅಲ್ಲೇ ವಾಚ್‌ಮನ್, ಅವ್ವ ಇಟ್ಟಿಗೆ ಹೊರುತ್ತಾಳೆ. ಬೆಳಿಗ್ಗೆ ನೀರು ತುಂಬಿ, ರೊಟ್ಟಿ ತಟ್ಟಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರಬೇಕು. ಅಂಗನವಾಡಿಯ ಬಾಗಿಲು ತೆರೆಯುವುದೂ ಶಾಲೆಯ ಗಂಟೆ ಹೊಡೆಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಗಾಗಿ ಪ್ರಾರ್ಥನೆ ತಪ್ಪುತ್ತದೆ, ಮೊದಲ ಪೀರಿಯಡ್ಡಿನ ಅರ್ಧ ತಪ್ಪುತ್ತದೆ. ಮಕ್ಕಳ ತಲೆ ಹಸನಾಗಿರುವ ಹೊತ್ತು ಎಂದು ಟೈಂಟೇಬಲ್ ಹಾಕುವವರು ಗಣಿತವನ್ನು ಇಟ್ಟಿರುವುದು ಸರಿಯಾಗಿ ಆ ಪೀರಿಯಡ್ಡಿಗೆ. ಊರ ಜಾತ್ರೆಗೆ ಹದಿನೈದು ದಿನ, ಹತ್ತಿ ಬಿಡಿಸುವ ಕಾಲಕ್ಕೆ ಇನ್ನಷ್ಟು ದಿನ ಗೈರುಹಾಜರಿ. ಬಾಯಿ ಬಿಟ್ಟು ‘ಗೊತ್ತಿಲ್ರಿ ಮಿಸ್ಸ, ನಮ್ಮೂರಾಗ ಇದು ಆಗಿರ್ಲಿಲ್ಲ’ ಎಂದರೆ ಹಿಂದಿನ ಬೆಂಚಿನಿಂದ ಅದೇ ಧಾಟಿಯಲ್ಲಿ ಅಣಕ. ಎರಡು ತಿಂಗಳಲ್ಲಿ ಅವಳು ಮಾತಾಡುವುದನ್ನೇ ನಿಲ್ಲಿಸುತ್ತಾಳೆ. ಮಾತೃಭಾಷೆ ಕಲಂನಲ್ಲಿ ಅವಳ ಹೆಸರಿನ ಎದುರು ‘ಕನ್ನಡ’ ಎಂದೇ ಇದೆ. ಭಾಷೆಯ ತೊಂದರೆ ಇರುವ ಮಕ್ಕಳ ಲೆಕ್ಕದಲ್ಲಿ ಅವಳು ಬರುವುದಿಲ್ಲ.

ನಿಮ್ಮ ಕಾಲದ ಜರಡಿ ಈಗ ಇಲ್ಲ ಎಂದೇನೂ ಅಲ್ಲ. ಈಗ ಅದು ತಿರುಗುಮುರುಗಾಗಿದೆ, ಸರ್ಕಾರಿ ಶಾಲೆ ಜರಡಿಯ ಕೆಳಗಿದೆ. ತಿಂಗಳಿಗೆ ಸಾವಿರ ರೂಪಾಯಿ ಹೊಂದಿಸಬಲ್ಲ ಕೂಲಿಯವನೂ ಪಕ್ಕದ ಬೀದಿಯ ‘ಕಾನ್ವೆಂಟಿಗೆ’ ಮಗನನ್ನು ಸೇರಿಸುತ್ತಾನೆ; ಒಂದೇ ಮನೆಯಲ್ಲಿ ಮಗ ಕಾನ್ವೆಂಟಿಗೆ, ಮಗಳು ಸರ್ಕಾರಿ ಶಾಲೆಗೆ ಎಂಬುದು ಊರೆಲ್ಲ ಬಲ್ಲ ಏರ್ಪಾಡು. ಕಡ್ಡಾಯ ಶಿಕ್ಷಣ ಕಾಯ್ದೆಯ ಶೇ 25 ಸೀಟುಗಳು 2012-13ರಿಂದ ಹಲವು ವರ್ಷ ಬಡವರಲ್ಲೇ ಚುರುಕಾದವರನ್ನು, ಅಂದರೆ ಆನ್‌ಲೈನ್ ಅರ್ಜಿ ತುಂಬಿಸಿ ಆದಾಯ ಪ್ರಮಾಣಪತ್ರ ಮಾಡಿಸಬಲ್ಲವರನ್ನು, ಖಾಸಗಿ ಶಾಲೆಗಳ ಕಡೆಗೆ ಎಳೆದುಕೊಂಡವು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಎಂದು 2019ರಲ್ಲಿ ನಿಯಮ ಬದಲಾದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಆದರೆ ಹೋದವರೇನೂ ತಿರುಗಿ ಬರಲಿಲ್ಲ.

ಆರನೇ ತರಗತಿಗೆ ಬಂದಾಗ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ. ಈ ಶಾಲೆಗಳ ಸಾಧನೆ ದೊಡ್ಡದು. 2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲಿಗಳಾದ ಹುಡುಗಿ ಓದಿದ್ದು ಮುಧೋಳ ತಾಲ್ಲೂಕಿನ ಮೊರಾರ್ಜಿ ಶಾಲೆಯಲ್ಲಿ. ಸರ್ಕಾರಿ ವ್ಯವಸ್ಥೆ ಮನಸ್ಸು ಮಾಡಿದರೆ ಬಡವರ ಮಕ್ಕಳನ್ನು ಎಲ್ಲಿಗೆ ಒಯ್ಯಬಲ್ಲದು ಎನ್ನುವುದಕ್ಕೆ ಅದು ಸಾಕ್ಷಿ. ಊಟ, ಹಾಸಿಗೆ, ಸಂಜೆಯ ಓದು ಎಲ್ಲ ಅಲ್ಲೇ ಸಿಗುತ್ತದೆ. ಆದರೆ ಅವರನ್ನೂ ಪರೀಕ್ಷೆ ಇಟ್ಟೇ ಆರಿಸಿಕೊಂಡದ್ದು ಎಂಬುದನ್ನು ಮರೆತು, ‘ನೋಡಿ, ಅವರಿಗಾಗುತ್ತದೆ ನಿಮಗೇಕಾಗದು’ ಎಂದು ಬೀದಿಯ ಶಾಲೆಯನ್ನು ಗದರುವುದು ಸಲ್ಲದು. ಕೊನೆಯ ಜರಡಿ ಒಂಬತ್ತನೇ ತರಗತಿಯಲ್ಲಿ. ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಹಾಕಬೇಕಾದ ಕೆಲವು ಖಾಸಗಿ ಶಾಲೆಗಳು ಅಲ್ಲಿ ‘ವೀಕ್’ ಮಕ್ಕಳ ಕೈಗೆ ಟಿ.ಸಿ. ಕೊಟ್ಟು ಕಳಿಸುತ್ತವೆ. ಆ ಮಗು ಹೋಗುವುದೆಲ್ಲಿಗೆ? ಯಾರನ್ನೂ ಇಲ್ಲ ಎನ್ನದ ಶಾಲೆಗೆ. ಮರುವರ್ಷ ಆ ಮಗುವಿನ ಸೋಲು ಈ ಶಾಲೆಯ ಖಾತೆಗೆ.

ಇದು ಬರೀ ಬೆಂಗಳೂರಿನ ನೋವೂ ಅಲ್ಲ, ಸರ್ಕಾರಿ ಮೇಷ್ಟ್ರುಗಳು ಕಟ್ಟಿದ ಸಬೂಬೂ ಅಲ್ಲ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ತಂಡ ಸುಮಾರು 4,000 ಶಾಲೆಗಳ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನ ಮಾಡಿ 1966ರಲ್ಲೇ ವರದಿ ಕೊಟ್ಟಿತು: ಮಕ್ಕಳ ಅಂಕಗಳ ನಡುವಿನ ಅಂತರವನ್ನು ಶಾಲೆಯ ಕಟ್ಟಡ, ಪುಸ್ತಕ, ಪ್ರಯೋಗಾಲಯಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ವಿವರಿಸುತ್ತದೆ. ನಮ್ಮ ಪಕ್ಕದಲ್ಲೇ ಇನ್ನೂ ನೇರವಾದ ಪುರಾವೆ ಇದೆ. ಆಂಧ್ರಪ್ರದೇಶದ ಐದು ಜಿಲ್ಲೆಗಳ ಹಳ್ಳಿಗಳಲ್ಲಿ 2008ರಿಂದ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಒಂದು ಪ್ರಯೋಗ ನಡೆಸಿದರು. ಸರ್ಕಾರಿ ಶಾಲೆಯ ಮಕ್ಕಳಿಗೆ ಲಾಟರಿ ಎತ್ತಿ, ಹೆಸರು ಬಂದವರಿಗೆ ಖಾಸಗಿ ಶಾಲೆಯ ಫೀಸು ಕಟ್ಟಲಾಯಿತು. ನಾಲ್ಕು ವರ್ಷದ ನಂತರ ನೋಡಿದರೆ, ಲಾಟರಿ ಗೆದ್ದವರಿಗೂ ಸೋತವರಿಗೂ ತೆಲುಗಿನಲ್ಲಿ, ಗಣಿತದಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಿಂದಿಯಲ್ಲಿ ಮಾತ್ರ ಗೆದ್ದವರು ಚೆನ್ನಾಗಿ ಮುಂದಿದ್ದರು. ಖಾಸಗಿ ಶಾಲೆಯ ಮಕ್ಕಳು ಮೇಲ್ನೋಟಕ್ಕೆ ಅಷ್ಟು ಮುಂದೆ ಕಾಣುತ್ತಿದ್ದುದು ಅವರು ಬಂದ ಮನೆಗಳಿಂದ. ಖಾಸಗಿ ಶಾಲೆಗಳು ಆ ಕೆಲಸವನ್ನು ಸರ್ಕಾರ ಒಂದು ಮಗುವಿಗೆ ಮಾಡುವ ಖರ್ಚಿನ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಮಾಡಿದವು ಎಂಬ ಮಾತನ್ನೂ ಅದೇ ಅಧ್ಯಯನ ಹೇಳುತ್ತದೆ. ಅದನ್ನು ಮುಚ್ಚಿಡುವುದೂ ಸರಿಯಲ್ಲ.

ಇಲ್ಲಿಯವರೆಗೆ ಓದಿದ ಹೆಡ್‌ಮೇಷ್ಟ್ರು ಯಾರಾದರೂ ನೆಮ್ಮದಿಯ ಉಸಿರು ಬಿಟ್ಟಿದ್ದರೆ, ಸ್ವಲ್ಪ ತಡೆಯಬೇಕು. ಮಕ್ಕಳು ಬಡವರು, ಆದ್ದರಿಂದ ನಮ್ಮ ಕೈಯಲ್ಲಿ ಏನಿಲ್ಲ ಎಂಬ ಮಾತಿಗೂ ಆಧಾರವಿಲ್ಲ. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಅಮೆರಿಕದ ಸಾವಿರಾರು ಶಾಲಾ ಜಿಲ್ಲೆಗಳ ಪರೀಕ್ಷಾ ಅಂಕಗಳನ್ನು ಎರಡು ರೀತಿ ಲೆಕ್ಕ ಹಾಕಿದರು: ಮಕ್ಕಳು ಎಲ್ಲಿದ್ದಾರೆ ಎಂಬುದೊಂದು, ಎಷ್ಟು ದೂರ ಬಂದಿದ್ದಾರೆ ಎಂಬುದೊಂದು. ಮೊದಲನೆಯದು ಮನೆಯ ಆದಾಯದ ಜೊತೆಜೊತೆಗೇ ಏರಿಳಿಯುತ್ತದೆ. ಎರಡನೆಯದಕ್ಕೂ ಆದಾಯಕ್ಕೂ ಸಂಬಂಧ ತೀರಾ ತೆಳು. ಬಹುಪಾಲು ಬಡ ಕಪ್ಪು ಮತ್ತು ಲ್ಯಾಟಿನೊ ಕುಟುಂಬಗಳ ಮಕ್ಕಳೇ ಓದುವ, ದಶಕಗಳ ಕಾಲ ಕೆಟ್ಟ ಹೆಸರು ಹೊತ್ತಿದ್ದ ಷಿಕಾಗೊ ನಗರದ ಸರ್ಕಾರಿ ಶಾಲೆಗಳಲ್ಲಿ 2009ರಿಂದ 2014ರ ನಡುವೆ ಮಕ್ಕಳು ಮೂರನೇ ತರಗತಿಯಿಂದ ಎಂಟನೆಯದಕ್ಕೆ ಹೋಗುವ ಐದು ವರ್ಷಗಳಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಸರಾಸರಿ ಅಂಕ ನೋಡಿದವರಿಗೆ ಅದು ಆಗಲೂ ಹಿಂದುಳಿದ ಶಾಲೆಗಳ ಊರು. ಮಕ್ಕಳು ಕ್ರಮಿಸಿದ ದೂರ ನೋಡಿದವರಿಗೆ ಆ ದೇಶದ ಅತ್ಯುತ್ತಮ ಶಾಲೆಗಳ ಸಾಲಿನಲ್ಲಿತ್ತು.

ನಮ್ಮ ನಗರಗಳಲ್ಲಿ ಆ ದೂರ ಎಷ್ಟು ಕಡಿಮೆ ಎಂಬುದಕ್ಕೆ ದೆಹಲಿಯ ಒಂದು ಅಧ್ಯಯನ ಸಾಕು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು; ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ ನಾಲ್ಕೂವರೆ ತರಗತಿ ಹಿಂದೆ. ಕೆಳಗಿನ ಮೂರನೇ ಒಂದು ಪಾಲು ಮಕ್ಕಳು ಮಾಮೂಲಿ ತರಗತಿಯಲ್ಲಿ ಕೂತೂ ಅಳೆಯುವಷ್ಟು ಮುಂದೆ ಹೋಗಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ವರ್ಗ ಸಮೀಕರಣ ಬಿಡಿಸುತ್ತಿರುತ್ತಾರೆ, ಎದುರಿಗೆ ಕೂತವರಲ್ಲಿ ಎಷ್ಟೋ ಮಂದಿಗೆ ಭಾಗಾಕಾರ ಬಾರದು. ಸಿಲೆಬಸ್ ಮುಗಿಸಲೇಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕೇಳುವುದು ಅದನ್ನೇ. ಇದರ ಮೇಲೆ ಕೋವಿಡ್. 2025ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ಮಕ್ಕಳು 2020-21ರಲ್ಲಿ ಆರನೇ ತರಗತಿಯಲ್ಲಿದ್ದವರು. ಆ ವರ್ಷ ಬಹುಪಾಲು ಶಾಲೆಯ ಬಾಗಿಲು ಮುಚ್ಚಿತ್ತು. 6ರಿಂದ 8ನೇ ತರಗತಿಗಳು ಮತ್ತೆ ಶುರುವಾದದ್ದು 2021ರ ಸೆಪ್ಟೆಂಬರ್ 6ಕ್ಕೆ. ಮನೆಯಲ್ಲಿ ಸ್ಮಾರ್ಟ್‌ಫೋನೂ ಓದಿದ ಅಮ್ಮನೂ ಇದ್ದ ಮಗುವಿಗೆ ಅದು ಅರೆಬರೆ ವರ್ಷ. ಅಪ್ಪನ ಜೊತೆ ಊರಿಗೆ ಹೊರಟುಹೋದ ಮಗುವಿಗೆ ಪೂರಾ ಖಾಲಿ. ಅದನ್ನು ತುಂಬಲು 2022-23ರಲ್ಲಿ ‘ಕಲಿಕಾ ಚೇತರಿಕೆ’ ಎಂಬ ಒಂದು ವರ್ಷದ ಕಾರ್ಯಕ್ರಮ ಬಂತು.

ಹಾಗಾದರೆ ಹಳೆಯ ವಿದ್ಯಾರ್ಥಿಗಳು ಮಾಡಬಹುದಾದದ್ದೇನು? ಮೊದಲನೆಯದಾಗಿ, ಕೇಳುವ ಪ್ರಶ್ನೆ ಬದಲಾಗಲಿ. ಪ್ರತಿ ಜೂನ್‌ನಲ್ಲಿ ಎಲ್ಲ ಶಾಲೆಗಳಲ್ಲೂ ‘ಸೇತುಬಂಧ’ ನಡೆಯುತ್ತದೆ. ಮಗು ಎಲ್ಲಿದೆ ಎಂದು ತಿಳಿಯಲು ನೈದಾನಿಕ ಪರೀಕ್ಷೆ, ಕೆಲವು ವಾರ ಹಿಂದಿನ ತರಗತಿಗಳ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. ಎಂಟನೇ ತರಗತಿಗೆ ಬಂದ ಪ್ರತಿ ಮಗುವಿನ ಹೆಸರಿನ ಎದುರು ಓದಲು ಬರುತ್ತದೆಯೇ, ಕಳೆಯುವ ಲೆಕ್ಕ ಬರುತ್ತದೆಯೇ ಎಂದು ಗುರುತು ಹಾಕಿದ ಹಾಳೆ ಶಾಲೆಯಲ್ಲೇ ಇರುತ್ತದೆ. ಅದನ್ನು ಕೇಳಿದವರು ಯಾರೂ ಇಲ್ಲ. ಜುಲೈ ಕಳೆದರೆ ಅದು ಬೀರುವಿನ ಮೇಲಿನ ಕಟ್ಟಿನಲ್ಲಿ ಸೇರುತ್ತದೆ. ನಿಮ್ಮ ಸಂಘ ಆ ಹಾಳೆ ಕೇಳಲಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಎಂಟಕ್ಕೆ ಬಂದಾಗ ಓದಲು ಬಾರದವರು ಎಷ್ಟು, ಹತ್ತು ಮುಗಿಸುವಾಗ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶೇ 58ರ ಶಾಲೆ ಶೇ 90ರ ಶಾಲೆಗಿಂತ ಹೆಚ್ಚು ದುಡಿದಿರುವುದು ಕಾಣಬಹುದು. ಏನೂ ದುಡಿಯದಿರುವುದೂ ಕಾಣಬಹುದು; ಆಗ ಹೆಡ್‌ಮೇಷ್ಟ್ರನ್ನು ಕೂರಿಸಿಕೊಂಡು ಕೇಳುವ ಹಕ್ಕು ನಿಮಗೆ ನಿಜವಾಗಿ ಬರುತ್ತದೆ.

ಎರಡನೆಯದು ದುಡ್ಡಿನ ಮಾತು. ಸ್ಮಾರ್ಟ್ ಬೋರ್ಡು ಸಾಕು. ಒಂದನ್ನು ನಿಮ್ಮ ಹೆಸರಿನ ಫಲಕದ ಸಮೇತ ಗೋಡೆಗೆ ಹಾಕಿಸಿದ್ದೀರಿ. ಅದು ಕೆಟ್ಟ ಮೇಲೆ ರಿಪೇರಿಗೆ ಕರೆಯಲು ನಂಬರ್ ಯಾರ ಹತ್ತಿರ ಇದೆ ಎಂದು ಒಮ್ಮೆ ವಿಚಾರಿಸಿ. ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ 2001ರ ಸುಮಾರಿಗೆ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ಯರನ್ನು ನೇಮಿಸಿತು. ಅವರು ಹೈಸ್ಕೂಲು ಮುಗಿಸಿದ, ಅದೇ ಬಡಾವಣೆಗಳ ಹೆಣ್ಣುಮಕ್ಕಳು. ಮೂರು, ನಾಲ್ಕನೇ ತರಗತಿಯ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು, ಎಣಿಕೆ, ಕೂಡು-ಕಳೆ ಕಲಿಸುವುದಷ್ಟೇ ಅವರ ಕೆಲಸ. ತಿಂಗಳಿಗೆ ಸಿಗುತ್ತಿದ್ದದ್ದು ಕೆಲವು ನೂರು ರೂಪಾಯಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದು ನೋಡಿದಾಗ ಮಕ್ಕಳ ಕಲಿಕೆ ಎದ್ದು ಕಾಣುವಂತೆ ಏರಿತ್ತು, ಅದರಲ್ಲೂ ತೀರಾ ಹಿಂದಿದ್ದವರದು. ಅವರಿಬ್ಬರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬರಲು ಇಂಥ ಕೆಲಸಗಳೇ ಕಾರಣ. ಒಂದು ಸ್ಮಾರ್ಟ್ ಬೋರ್ಡಿನ ದುಡ್ಡಿನಲ್ಲಿ ನಿಮ್ಮದೇ ಶಾಲೆಯಿಂದ ಈಚೆಗೆ ಪಾಸಾಗಿ ಪಿಯುಸಿಯೋ ಡಿಗ್ರಿಯೋ ಓದುತ್ತಿರುವ ಹುಡುಗಿಗೆ ಗೌರವಧನ ಕೊಟ್ಟು ಸಂಜೆ ಎರಡು ಗಂಟೆ ಕೂರಿಸಬಹುದು. ಅವಳೂ ಹಳೆಯ ವಿದ್ಯಾರ್ಥಿನಿಯೇ ಅಲ್ಲವೇ? ನಿಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ 2010ರ ನಂತರ ಪಾಸಾದವರು ಎಷ್ಟು ಮಂದಿ ಇದ್ದಾರೆ, ಸ್ವಲ್ಪ ನೋಡಿಕೊಳ್ಳಿ.

ಸುರಪುರದ ಹುಡುಗಿಗೆ ಸುರಪುರದ ಕನ್ನಡದಲ್ಲೇ ‘ಬಾ ಇಲ್ಲಿ, ಕೂಡು’ ಎನ್ನಬಲ್ಲವರು, ತೆಲುಗು ಹುಡುಗನಿಗೆ ಕನ್ನಡದ ಒತ್ತಕ್ಷರವನ್ನು ತೆಲುಗಿನ ಮೂಲಕ ತೋರಿಸಬಲ್ಲವರು ಆ ಹೊಸ ತಲೆಮಾರಿನಲ್ಲೇ ಸಿಗುತ್ತಾರೆ. ಎರಡೂ ಲಿಪಿಗಳು ಅಕ್ಕಪಕ್ಕದವು. ತಿಳಿದವರು ಕೂರಿಸಿಕೊಂಡರೆ ಕೆಲವೇ ವಾರಗಳ ಕೆಲಸ.

ಮೂರನೆಯ ಮಾತನ್ನು ಹೇಳದಿದ್ದರೆ ಈ ಪತ್ರ ಬರೀ ಉಪಚಾರವಾಗುತ್ತದೆ. ಸಂಘದ ಯಾವ ಸಭೆಯಲ್ಲಾದರೂ ‘ನಮ್ಮಲ್ಲಿ ಯಾರ ಮಗು ಅಥವಾ ಮೊಮ್ಮಗು ಈ ಶಾಲೆಯಲ್ಲಿ ಓದುತ್ತಿದೆ?’ ಎಂದು ಕೇಳಿದರೆ ಕೈ ಎತ್ತುವವರು ಸಿಗುವುದು ಕಷ್ಟ. ಬಡಾವಣೆಯ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗುವ ನೆರೆಹೊರೆ ಶಾಲೆಯ ವ್ಯವಸ್ಥೆ ಬರಲಿ ಎಂದು ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಆಯೋಗ 1966ರಲ್ಲೇ ಹೇಳಿತ್ತು. ಅದು ಆಗಲಿಲ್ಲ, ಸದ್ಯಕ್ಕೆ ಆಗುವ ಲಕ್ಷಣವೂ ಇಲ್ಲ. ಮೊಮ್ಮಕ್ಕಳನ್ನು ನಾಳೆಯೇ ಸೇರಿಸಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ನೀವು ಹೊರಟುಹೋದ ಜಾಗಕ್ಕೆ ಬಂದವರನ್ನು ನಿಮ್ಮ ಶೇಕಡಾವಾರಿನಿಂದ ಅಳೆಯಬೇಡಿ ಎಂದಷ್ಟೇ ಕೋರಿಕೆ.

ಮೇ ಕೊನೆಗೆ ಶಾಲೆ ಪುನರಾರಂಭವಾಗುತ್ತದೆ, ದಾಖಲಾತಿ ಆಂದೋಲನದ ಬ್ಯಾನರ್ ಗೇಟಿಗೆ ಬೀಳುತ್ತದೆ. ಆ ವಾರವೇ ನಿಮ್ಮಲ್ಲಿ ಇಬ್ಬರು ಮೂವರು ಹೋಗಿ ಹೆಡ್‌ಮೇಷ್ಟ್ರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಜೊತೆ ಕೂತು ಮಾತಾಡಿ. ಎಸ್‌ಡಿಎಂಸಿ ಅಧ್ಯಕ್ಷರು ಬಹುಶಃ ಆಟೊ ಓಡಿಸುವವರೋ ತರಕಾರಿ ಗಾಡಿಯವರೋ ಇರುತ್ತಾರೆ; ಭೇಟಿಯ ಸಮಯವನ್ನು ಅವರ ದುಡಿಮೆಗೆ ಅಡ್ಡಿಯಾಗದಂತೆ ಇಟ್ಟುಕೊಳ್ಳಿ. ಸಂಜೆ ತರಗತಿಗೆ ಯಾವ ಕೊಠಡಿ, ಬೀಗದ ಕೈ ಯಾರ ಬಳಿ, ಹುಡುಗಿಯರು ಕತ್ತಲಾಗುವ ಮೊದಲು ಮನೆ ಸೇರುವುದು ಹೇಗೆ, ತಮ್ಮ ತಂಗಿಯರನ್ನು ಜೊತೆಗೆ ಕರೆತಂದರೆ ಅವರನ್ನು ಕೂರಿಸುವುದೆಲ್ಲಿ: ಇಷ್ಟು ವಿಷಯ ಅಂದೇ ಇತ್ಯರ್ಥವಾಗಲಿ. ಸೇತುಬಂಧದ ಮೊದಲ ಪರೀಕ್ಷೆ ಜೂನ್‌ನಲ್ಲೇ ಮುಗಿಯುತ್ತದೆ. ಹಾಳೆ ಕೇಳಲು ಆಗ ತಡಮಾಡಬೇಡಿ.


ನಿಮ್ಮ ಶಾಲೆಗಳ ಹಿತೈಷಿ